ಸಮೀಕರಣ ಸರಿದೂಗಿಸುವಾಗ ಕೈ ಎಲ್ಲೆಲ್ಲಿ ತಪ್ಪುತ್ತದೆ

ರಾಸಾಯನಿಕ ಸಮೀಕರಣ ಕಣ್ಣಮುಂದೆ ಬಂದ ಕೂಡಲೇ ಕೈ ಅಂಕಿ ಹಾಕಲು ಹೋಗುತ್ತದೆ. ನಾನು ಆ ಕೈಯನ್ನು ಅಲ್ಲೇ ತಡೆದು, ಮೊದಲು ಸೂತ್ರಗಳನ್ನು ಒಂದೊಂದಾಗಿ ನೋಡುತ್ತೇನೆ. ಎಷ್ಟು ಗುದ್ದಾಡಿದರೂ ಸರಿದೂಗದ ಸಮೀಕರಣಗಳಲ್ಲಿ ಬಹಳ ಸಲ ಲೆಕ್ಕ ಸರಿಯಾಗಿಯೇ ಇರುತ್ತದೆ. ತಪ್ಪು ಯಾವುದೋ ಒಂದು ಸೂತ್ರದಲ್ಲಿ ಅಡಗಿ ಕೂತಿರುತ್ತದೆ. ಸೂತ್ರ ತಪ್ಪಿದ್ದೂ ಸಮೀಕರಣ ಸಲೀಸಾಗಿ ಸರಿದೂಗಿಬಿಟ್ಟರೆ ಇನ್ನೂ ಕಷ್ಟ. ಆಗ ತಪ್ಪಾಗಿದೆ ಎಂಬುದೇ ಗೊತ್ತಾಗುವುದಿಲ್ಲ.

ಅಲ್ಯೂಮಿನಿಯಂ ಲೋಹ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ವರ್ತಿಸುವುದನ್ನು ಹೀಗೆ ಬರೆದರು ಎನ್ನಿ. (ಇಲ್ಲಿ ಧಾತುಗಳ ಸಂಕೇತಗಳನ್ನು ಬಾಯಲ್ಲಿ ಓದುವ ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ. ನೋಟ್‌ಬುಕ್ಕಿನಲ್ಲಿ ನೀವು ಎಂದಿನ ಸಂಕೇತಗಳನ್ನೇ ಬರೆದುಕೊಂಡು ಜೊತೆಗೆ ಬನ್ನಿ.)

ಎಎಲ್ + 2ಎಚ್‌ಸಿಎಲ್ → ಎಎಲ್‌ಸಿಎಲ್₂ + ಎಚ್₂

ಎಣಿಸಿ ನೋಡಿ. ಅಲ್ಯೂಮಿನಿಯಂ ಎರಡೂ ಕಡೆ 1, ಕ್ಲೋರಿನ್ 2, ಹೈಡ್ರೋಜನ್ 2. ಲೆಕ್ಕ ಚೊಕ್ಕವಾಗಿ ತಾಳೆಯಾಯಿತು, ಆದರೂ ಸಮೀಕರಣ ಪೂರ್ತಿ ತಪ್ಪು. ಅಲ್ಯೂಮಿನಿಯಮ್ಮಿನ ವೇಲೆನ್ಸಿ (ಬೇರೆ ಪರಮಾಣುಗಳ ಜೊತೆ ಸೇರುವ ಸಾಮರ್ಥ್ಯ) 3, ಕ್ಲೋರಿನ್ನಿನದು 1. ಹಾಗಾಗಿ ಈ ಕ್ರಿಯೆಯಲ್ಲಿ ಸಿಗುವುದು ಎಎಲ್‌ಸಿಎಲ್₃. ಸೂತ್ರ ತಿದ್ದಿದ ಮೇಲೆ ಅಂಕಿಗಳೆಲ್ಲ ಬದಲಾಗುತ್ತವೆ:

2ಎಎಲ್ + 6ಎಚ್‌ಸಿಎಲ್ → 2ಎಎಲ್‌ಸಿಎಲ್₃ + 3ಎಚ್₂

ಆದ್ದರಿಂದ ವೇಲೆನ್ಸಿಗಳು ಬಾಯಿಗೆ ಬರುವವರೆಗೆ ಸರಿದೂಗಿಸುವ ಅಭ್ಯಾಸ ಮಾಡಿ ಹೆಚ್ಚು ಉಪಯೋಗವಿಲ್ಲ. ಸೋಡಿಯಂ, ಪೊಟ್ಯಾಸಿಯಂ 1, ಮೆಗ್ನೀಸಿಯಂ, ಕ್ಯಾಲ್ಸಿಯಂ, ಸತು 2, ಅಲ್ಯೂಮಿನಿಯಂ 3, ನೈಟ್ರೇಟ್, ಹೈಡ್ರಾಕ್ಸೈಡ್ 1, ಸಲ್ಫೇಟ್, ಕಾರ್ಬೊನೇಟ್ 2, ಫಾಸ್ಫೇಟ್ 3. ಕಬ್ಬಿಣಕ್ಕೆ 2 ಮತ್ತು 3 ಎರಡೂ ಇವೆ. ಪ್ರಶ್ನೆಯಲ್ಲಿ ಯಾವುದನ್ನು ಕೊಟ್ಟಿದ್ದಾರೆ ಎಂದು ನೋಡಿಯೇ ಬರೆಯಬೇಕು. ಇದರ ಜೊತೆಗೆ ಒಂಟಿಯಾಗಿ ನಿಲ್ಲದ ಏಳು ಧಾತುಗಳು ನೆನಪಿರಲಿ: ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್. ಬೇರೆ ಯಾವುದರ ಜೊತೆಗೂ ಸೇರದೆ ತಾವೇ ಇರುವಾಗ ಇವು ಜೋಡಿಯಾಗಿ ಇರುತ್ತವೆ, ಎಚ್₂, ಎನ್₂, ಒ₂ ಹೀಗೆ. ಸಂಯುಕ್ತದೊಳಗೆ ಹೋದ ಮೇಲೆ ಈ ಜೋಡಿಯ ನಿಯಮ ಅನ್ವಯಿಸುವುದಿಲ್ಲ. ಆಕ್ಸಿಜನ್ ಜೋಡಿಯಾಗಿರುತ್ತದೆ ಎಂದು ಮೆಗ್ನೀಸಿಯಂ ಆಕ್ಸೈಡನ್ನು ಎಂಜಿಒ₂ ಎಂದು ಬರೆಯುವವರು ಈ ಎರಡು ವಿಷಯಗಳನ್ನು ಬೆರೆಸಿಬಿಟ್ಟಿರುತ್ತಾರೆ.

ಸಂಕೇತದ ದೊಡ್ಡಕ್ಷರ, ಚಿಕ್ಕಕ್ಷರಗಳ ಮೇಲೂ ಕಣ್ಣಿರಲಿ. ಕೋಬಾಲ್ಟಿನ ಸಂಕೇತದಲ್ಲಿ ಮೊದಲನೆಯದು ದೊಡ್ಡಕ್ಷರ, ಎರಡನೆಯದು ಚಿಕ್ಕದು. ಎರಡನ್ನೂ ದೊಡ್ಡದಾಗಿ ಬರೆದರೆ ಅದು ಕಾರ್ಬನ್ ಮಾನಾಕ್ಸೈಡ್. ಅವಸರದ ಕೈಬರಹದಲ್ಲಿ ಲೋಹ ಅನಿಲವಾಗಿ ಹೋಗುತ್ತದೆ, ಆಮೇಲೆ ಇಲ್ಲದ ಆಕ್ಸಿಜನ್ನನ್ನು ಎಣಿಸುತ್ತಾ ಕೂರಬೇಕಾಗುತ್ತದೆ.

ಸೂತ್ರಗಳು ಖಾತ್ರಿಯಾದ ಮೇಲೆ ಅವಕ್ಕೆ ಮತ್ತೆ ಕೈ ಹಚ್ಚುವ ಹಾಗಿಲ್ಲ. ಕೆಳಗೆ ಚಿಕ್ಕದಾಗಿ ಬರೆಯುವ ಅಂಕಿ ಅದು ಯಾವ ವಸ್ತು ಎಂಬುದರ ಗುರುತು. ಮುಂದೆ ದೊಡ್ಡದಾಗಿ ಬರೆಯುವ ಅಂಕಿ, ಅಂದರೆ ಸಹಗುಣಕ, ಆ ವಸ್ತು ಎಷ್ಟಿದೆ ಎಂಬುದರ ಲೆಕ್ಕ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣದಲ್ಲಿ ಎಡಕ್ಕೆ ಎರಡು ಆಕ್ಸಿಜನ್, ಬಲಕ್ಕೆ ಒಂದು. ನೀರಿನ ಸೂತ್ರದ ಒ ಕೆಳಗೆ ಒಂದು 2 ಹಾಕಿದರೆ ಒಂದೇ ಏಟಿಗೆ ಕೆಲಸ ಮುಗಿಯಿತು ಅನಿಸುತ್ತದೆ. ಆದರೆ ಎಚ್₂ಒ₂ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಬಣ್ಣ ಕಳೆಯುವ ದ್ರವ. ನೀರಿನ ಬಗ್ಗೆ ಬರೆಯಲು ಹೊರಟು ಬೇರೊಂದು ವಸ್ತುವಿನ ಬಗ್ಗೆ ಬರೆದಂತಾಯಿತು. ಸರಿಯಾದದ್ದು 2ಎಚ್₂ + ಒ₂ → 2ಎಚ್₂ಒ.

ಮುಂದಿನ ಅಂಕಿ ಇಡೀ ಸೂತ್ರಕ್ಕೆ ಗುಣಾಕಾರವಾಗುತ್ತದೆ, ಕೆಳಗಿನ ಅಂಕಿ ತನ್ನ ಎಡಕ್ಕೆ ಅಂಟಿಕೊಂಡದ್ದಕ್ಕೆ ಮಾತ್ರ. ಆವರಣವಿದ್ದರೆ ಅದರೊಳಗಿನ ಎಲ್ಲಕ್ಕೂ. ಇದನ್ನು ಒಂದು ದೊಡ್ಡ ಸೂತ್ರದ ಮೇಲೆ ನಿಧಾನವಾಗಿ ಮಾಡಿ ನೋಡಿ: 2ಎಎಲ್₂(ಎಸ್‌ಒ₄)₃. ಅಲ್ಯೂಮಿನಿಯಂ 2 × 2 = 4. ಗಂಧಕ 2 × 3 = 6. ಆಕ್ಸಿಜನ್ 2 × 3 × 4 = 24. ಇಲ್ಲಿ ಆಕ್ಸಿಜನ್ 12 ಎಂದು ಬಂದರೆ ಮುಂದಿನ 2 ಮರೆತಿದ್ದೀರಿ. 8 ಬಂದರೆ ಆವರಣದ ಹೊರಗಿನ 3 ಮರೆತಿದ್ದೀರಿ. ತಪ್ಪು ಉತ್ತರ ನೋಡಿಯೇ ಯಾವ ಅಂಕಿ ಬಿಟ್ಟುಹೋಯಿತು ಎಂದು ಹೇಳಬಹುದು. ಸೂತ್ರದ ನಡುವೆ ದೊಡ್ಡ ಅಂಕಿ ತೂರಿಸುವುದು, ಉದಾಹರಣೆಗೆ ಎಚ್₂2ಒ ಎಂದು ಬರೆಯುವುದು, ಎಂದೂ ಸಲ್ಲದು.

ಎರಡೂ ಕಡೆ ಯಾಕೆ ಸಮ ಇರಬೇಕು ಎಂಬುದು ಒಂದು ಮಾತಿನಲ್ಲಿ ಮುಗಿಯುವ ವಿಷಯ. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳು ಹುಟ್ಟುವುದಿಲ್ಲ, ಸಾಯುವುದಿಲ್ಲ, ಜೊತೆಗಾರರನ್ನು ಬದಲಿಸುತ್ತವೆ ಅಷ್ಟೆ. ಮುಚ್ಚಿದ ಪಾತ್ರೆಗಳಲ್ಲಿ ಕ್ರಿಯೆ ನಡೆಸಿ, ಮೊದಲೂ ಆಮೇಲೂ ತೂಗಿ ನೋಡಿದ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ 1789ರಲ್ಲಿ ರಾಶಿ ಸಂರಕ್ಷಣೆಯನ್ನು ನಿಯಮವಾಗಿ ಹೇಳಿದ. ನಾವು ಹಾಳೆಯ ಮೇಲೆ ಮಾಡುವುದು ಅದೇ ತೂಕವನ್ನು, ತಕ್ಕಡಿಯಿಲ್ಲದೆ.

ಇನ್ನು ಕೆಲಸಕ್ಕೆ ಇಳಿಯೋಣ. ಅಡುಗೆ ಅನಿಲದ ಒಂದು ಭಾಗವಾದ ಬ್ಯುಟೇನ್ ಉರಿಯುವ ಸಮೀಕರಣವನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಸಾಮಾನ್ಯವಾಗಿ ಎದುರಾಗುವ ತೊಡಕು ಅದರಲ್ಲಿ ಕಣ್ಣಿಗೆ ಕಟ್ಟುವಂತೆ ಇದೆ.

ಸಿ₄ಎಚ್₁₀ + ಒ₂ → ಸಿಒ₂ + ಎಚ್₂ಒ

ಸಮೀಕರಣದ ಕೆಳಗೆ ಪಟ್ಟಿ ಹಾಕುತ್ತೇನೆ. ಪೆನ್ಸಿಲ್ ಇರಲಿ, ಆದರೆ ರಬ್ಬರ್ ಬೇಡ. ಅಂಕಿ ಬದಲಾದಾಗ ಹಳೆಯದರ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ಹೊಸದು ಬರೆಯುವುದು ಒಳ್ಳೆಯದು. ಎಲ್ಲಿಂದ ಎಲ್ಲಿಗೆ ಬಂದೆವು ಎಂಬುದು ಹಾಳೆಯಲ್ಲಿ ಉಳಿಯುತ್ತದೆ. ಅಳಿಸಿ ಅಳಿಸಿ ಬರೆದವರು ಅದೇ ತಪ್ಪು ದಾರಿಯನ್ನು ಎರಡನೇ ಸಲ, ಮೂರನೇ ಸಲ ಹಿಡಿಯುತ್ತಾರೆ.

ಸಿ: ಎಡ 4, ಬಲ 1
ಎಚ್: ಎಡ 10, ಬಲ 2
ಒ: ಎಡ 2, ಬಲ 3

ಒ ಸಾಲಿನಲ್ಲಿ 2 ಮತ್ತು 3 ಹತ್ತಿರ ಹತ್ತಿರ ಇವೆ, ಅಲ್ಲಿಂದಲೇ ಶುರು ಮಾಡೋಣ ಎನಿಸುತ್ತದೆ. ಬೇಡ. ಆಕ್ಸಿಜನ್ ಬಲಗಡೆ ಎರಡು ವಸ್ತುಗಳಲ್ಲಿ ಹಂಚಿಹೋಗಿದೆ. ಈಗ ಅದನ್ನು ಸರಿಮಾಡಿದರೂ, ಕಾರ್ಬನ್ನಿಗಾಗಿ ಸಿಒ₂ ಮುಂದಿನ ಅಂಕಿ ಬದಲಾದ ಕೂಡಲೇ ಮತ್ತೆ ಕೆಡುತ್ತದೆ, ಹೈಡ್ರೋಜನ್ನಿಗಾಗಿ ನೀರಿನ ಅಂಕಿ ಬದಲಾದಾಗ ಇನ್ನೊಮ್ಮೆ ಕೆಡುತ್ತದೆ. ಎರಡೂ ಕಡೆ ಒಂದೊಂದೇ ವಸ್ತುವಿನಲ್ಲಿ ಇರುವ ಧಾತುವನ್ನು ಮೊದಲು ಹಿಡಿಯಬೇಕು. ಇಲ್ಲಿ ಅಂಥವು ಎರಡು, ಕಾರ್ಬನ್ ಮತ್ತು ಹೈಡ್ರೋಜನ್.

ಕಾರ್ಬನ್ 4 ಬೇಕು, ಸಿಒ₂ ಮುಂದೆ 4. ಹೈಡ್ರೋಜನ್ 10 ಬೇಕು, ನೀರೊಂದರಲ್ಲಿ 2 ಇದೆ, ಹಾಗಾಗಿ ನೀರಿನ ಮುಂದೆ 5. ಈಗ ಒ ಸಾಲನ್ನು ಹೊಸದಾಗಿ ಎಣಿಸುತ್ತೇನೆ: ಸಿಒ₂ಗಳಿಂದ 8, ನೀರಿನಿಂದ 5, ಒಟ್ಟು 13. ಎಡಗಡೆ ಆಕ್ಸಿಜನ್ ಜೋಡಿಜೋಡಿಯಾಗಿ ಬರುತ್ತದೆ. ಯಾವ ಪೂರ್ಣಾಂಕ ಹಾಕಿದರೂ 13 ಎಂಬ ಬೆಸಸಂಖ್ಯೆ ಸಿಗುವುದಿಲ್ಲ.

ಇಲ್ಲಿಯೇ ಬಹಳ ಮಂದಿ ಕೆಲಸ ಬಿಡುತ್ತಾರೆ, ಅಥವಾ ಮಾಡಿದ್ದನ್ನೆಲ್ಲ ಹೊಡೆದುಹಾಕಿ ಮೊದಲಿನಿಂದ ಶುರು ಮಾಡುತ್ತಾರೆ. ಎರಡೂ ಬೇಕಿಲ್ಲ. ಒ₂ ಮುಂದೆ 13/2 ಎಂದು ಧೈರ್ಯವಾಗಿ ಬರೆಯಿರಿ. ಆರೂವರೆ ಜೋಡಿ ಎಂದರೆ 13 ಪರಮಾಣು, ಲೆಕ್ಕ ಸರಿಯಾಗಿದೆ. ಅರ್ಧ ಅಣು ಎಂಬುದು ಇರುವುದಿಲ್ಲವಾದ್ದರಿಂದ ಕೊನೆಯಲ್ಲಿ ಇಡೀ ಸಾಲನ್ನು 2ರಿಂದ ಗುಣಿಸುತ್ತೇನೆ:

2ಸಿ₄ಎಚ್₁₀ + 13ಒ₂ → 8ಸಿಒ₂ + 10ಎಚ್₂ಒ

ಗುಣಿಸುವಾಗ ಒಂದು ಎಚ್ಚರ. ಬ್ಯುಟೇನಿನ ಮುಂದೆ ಏನೂ ಬರೆದಿರಲಿಲ್ಲ, ಅಲ್ಲಿ ಕಣ್ಣಿಗೆ ಕಾಣದ ಒಂದು 1 ಇತ್ತು. ಅಂಕಿ ಇರುವ ಮೂರನ್ನು ಇಮ್ಮಡಿ ಮಾಡಿ ಈ ಕಾಣದ 1 ಅನ್ನು ಹಾಗೇ ಬಿಡುವುದು ದಹನ ಕ್ರಿಯೆಗಳ ಸಮೀಕರಣಗಳಲ್ಲಿ ಪದೇ ಪದೇ ಕಾಣುವ ತಪ್ಪು. ಹಾಗಾಗಿ ಶುರುವಿನಲ್ಲೇ ಎಲ್ಲ ಸೂತ್ರಗಳ ಮುಂದೆ ಪೆನ್ಸಿಲಿನಲ್ಲಿ 1 ಬರೆದುಕೊಂಡು, ಉತ್ತರ ಬರೆಯುವಾಗ ಮಾತ್ರ ಬಿಡುವುದು ಕ್ಷೇಮ. ತಾಳೆ: ಸಿ 8, ಎಚ್ 20, ಒ 26, ಎರಡೂ ಕಡೆ. (ಮುಂದಿನ ತರಗತಿಗಳಲ್ಲಿ ಒಂದು ಮೋಲ್ ಇಂಧನ ಉರಿದಾಗ ಬರುವ ಶಾಖದ ಲೆಕ್ಕ ಬರುತ್ತದೆ. ಅಲ್ಲಿ 13/2 ಅನ್ನು ಹಾಗೆಯೇ ಉಳಿಸುತ್ತಾರೆ. ಭಿನ್ನರಾಶಿ ಅಪರಾಧವೇನಲ್ಲ.)

ಈ ಒಂದು ಲೆಕ್ಕದಿಂದ ಸರದಿಯ ನಿಯಮ ತಾನಾಗಿ ಹೊರಬರುತ್ತದೆ. ಒಂದೊಂದೇ ಕಡೆ ಇರುವ ಧಾತುಗಳು ಮೊದಲು, ಹಲವು ಕಡೆ ಹಂಚಿಹೋದವು ಆಮೇಲೆ, ಯಾವುದಕ್ಕೂ ಅಂಟಿಕೊಳ್ಳದೆ ಶುದ್ಧ ಧಾತುವಾಗಿ ನಿಂತಿರುವುದು ಕಟ್ಟಕಡೆಗೆ. ಒ₂ ಮುಂದಿನ ಅಂಕಿಯನ್ನು ಎಷ್ಟು ಬದಲಿಸಿದರೂ ಬೇರಾವ ಧಾತುವಿನ ಲೆಕ್ಕವೂ ಅಲುಗುವುದಿಲ್ಲ. ಹಾಗೆ ಸ್ವತಂತ್ರವಾಗಿ ತಿರುಗಿಸಬಹುದಾದ ಕೀಲಿಯನ್ನು ಕೊನೆಗೆ ಇಟ್ಟುಕೊಳ್ಳುವುದೇ ಜಾಣತನ. 'ಮೊದಲು ಲೋಹ, ಆಮೇಲೆ ಅಲೋಹ, ಆಮೇಲೆ ಹೈಡ್ರೋಜನ್, ಕೊನೆಗೆ ಆಕ್ಸಿಜನ್' ಎಂದು ಬಾಯಿಪಾಠ ಮಾಡುವ ಸೂತ್ರದ ಹಿಂದಿರುವ ಕಾರಣ ಇದೇ. ಕಾರಣ ಗೊತ್ತಿದ್ದರೆ ಸೂತ್ರ ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಾಗುತ್ತದೆ.

ಊದುಕುಲುಮೆಯಲ್ಲಿ ಕಬ್ಬಿಣದ ಅದಿರಿನಿಂದ ಕಬ್ಬಿಣ ಬರುವ ಕ್ರಿಯೆಯಲ್ಲಿ ಶುದ್ಧ ಆಕ್ಸಿಜನ್ ಇಲ್ಲವೇ ಇಲ್ಲ:

ಎಫ್‌ಇ₂ಒ₃ + ಸಿಒ → ಎಫ್‌ಇ + ಸಿಒ₂

ಕಬ್ಬಿಣದ ಮುಂದೆ 2 ಹಾಕಿದರೆ ಅದು ಮುಗಿಯಿತು. ಈಗ ಆಕ್ಸಿಜನ್ ಎಡಕ್ಕೆ 4, ಬಲಕ್ಕೆ 2. ಸಿಒ₂ ಮುಂದೆ 2 ಹಾಕುವುದು ಸಹಜ. ಆಗ ಆಕ್ಸಿಜನ್ ಸರಿ, ಕಾರ್ಬನ್ ಕೆಟ್ಟಿತು. ಕಾರ್ಬನ್ನಿಗಾಗಿ ಸಿಒ ಮುಂದೆ 2, ಆಗ ಆಕ್ಸಿಜನ್ ಎಡಕ್ಕೆ 5 ಆಯಿತು. ಒಂದು ತೂತು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತದೆ, ಹೀಗೆ ಸುತ್ತುತ್ತಿದ್ದೇವೆ ಅನಿಸಿದಾಗ ಪೆನ್ಸಿಲ್ ಕೆಳಗಿಟ್ಟು ಕ್ರಿಯೆಯನ್ನು ನೋಡಬೇಕು. ಒಂದು ಸಿಒ ಒಂದು ಆಕ್ಸಿಜನ್ ಕಿತ್ತುಕೊಂಡು ಸಿಒ₂ ಆಗುತ್ತಿದೆ. ಅದಿರಿನಲ್ಲಿ ಕಿತ್ತುಕೊಳ್ಳಲು 3 ಆಕ್ಸಿಜನ್ ಇವೆ. ಹಾಗಾದರೆ 3 ಸಿಒ ಬೇಕು, 3 ಸಿಒ₂ ಬರಬೇಕು:

ಎಫ್‌ಇ₂ಒ₃ + 3ಸಿಒ → 2ಎಫ್‌ಇ + 3ಸಿಒ₂

ಆಕ್ಸಿಜನ್ ಎರಡೂ ಕಡೆ 6. ಅಂಕಿಯ ಜೊತೆ ಆಡುವುದಕ್ಕಿಂತ ಯಾರು ಯಾರಿಗೆ ಏನು ಕೊಡುತ್ತಿದ್ದಾರೆ ಎಂದು ನೋಡುವುದು ಬೇಗ ದಡ ಮುಟ್ಟಿಸುತ್ತದೆ. ಈ ನೋಟ ಮುಂದೆ ತಾಮ್ರದ ಸಮೀಕರಣದಲ್ಲಿ ಇನ್ನೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಆಮ್ಲ ಮತ್ತು ಪ್ರತ್ಯಾಮ್ಲಗಳ ಸಮೀಕರಣಗಳಲ್ಲಿ ಸಲ್ಫೇಟ್, ಫಾಸ್ಫೇಟ್ ಮುಂತಾದ ಗುಂಪುಗಳು ಒಡೆಯದೆ ಹಾಗೇ ಆಚೆ ದಾಟುತ್ತವೆ. ಅವುಗಳೊಳಗಿನ ರಂಜಕ, ಆಕ್ಸಿಜನ್ನುಗಳನ್ನು ಬಿಡಿಬಿಡಿಯಾಗಿ ಎಣಿಸದೆ ಇಡೀ ಗುಂಪನ್ನೇ ಒಂದು ಎಂದು ಎಣಿಸಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಫಾಸ್ಫಾರಿಕ್ ಆಮ್ಲ:

ಸಿಎ(ಒಎಚ್)₂ + ಎಚ್₃ಪಿಒ₄ → ಸಿಎ₃(ಪಿಒ₄)₂ + ಎಚ್₂ಒ

ಬಲಗಡೆಯ ಉಪ್ಪೇ ಎಲ್ಲವನ್ನೂ ಹೇಳುತ್ತದೆ. ಅದರಲ್ಲಿ 3 ಕ್ಯಾಲ್ಸಿಯಂ, 2 ಫಾಸ್ಫೇಟ್. ಹಾಗಾಗಿ ಹೈಡ್ರಾಕ್ಸೈಡ್ 3, ಆಮ್ಲ 2. ನೀರನ್ನು ಎಚ್ ಮತ್ತು ಒಎಚ್ ಎಂದು ಎರಡು ಹೋಳಾಗಿ ನೋಡಿ: ಹೈಡ್ರಾಕ್ಸೈಡಿನಿಂದ 6 ಒಎಚ್, ಆಮ್ಲದಿಂದ 6 ಎಚ್, ಸೇರಿ 6 ನೀರು. ಮುಗಿಯಿತು. ಇದನ್ನೇ ಆಕ್ಸಿಜನ್ ಎಣಿಸುತ್ತಾ ಹೋದರೆ ಎಡಕ್ಕೆ 14, ಬಲಕ್ಕೆ 8 ಮತ್ತು 6 ಎಂದು ನಾಲ್ಕು ಸೂತ್ರಗಳನ್ನೂ ಸುತ್ತಿ ಬರಬೇಕು.

ಆದರೆ ಗುಂಪು ಎರಡೂ ಕಡೆ ಅಖಂಡವಾಗಿ ಇದೆಯೇ ಎಂದು ನೋಡದೆ ಈ ಉಪಾಯ ಬಳಸಬಾರದು. ಸೀಸದ ನೈಟ್ರೇಟನ್ನು ಕಾಸಿದಾಗ ನೈಟ್ರೇಟ್ ಗುಂಪೇ ಒಡೆಯುತ್ತದೆ, ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಹೊಗೆ ಏಳುತ್ತದೆ. ಅಲ್ಲಿ ಬಿಡಿ ಪರಮಾಣುಗಳನ್ನೇ ಎಣಿಸಬೇಕು:

2ಪಿಬಿ(ಎನ್‌ಒ₃)₂ → 2ಪಿಬಿಒ + 4ಎನ್‌ಒ₂ + ಒ₂

ಆಕ್ಸಿಜನ್ ಎಡಕ್ಕೆ 12. ಬಲಕ್ಕೆ 2, 8, 2. ಒಂದೇ ಸೀಸದ ನೈಟ್ರೇಟ್ ಇಟ್ಟುಕೊಂಡು ಶುರು ಮಾಡಿದರೆ ಒ₂ ಮುಂದೆ 1/2 ಬರುತ್ತದೆ. ಮತ್ತೆ ಇಡೀ ಸಾಲಿಗೆ ಇಮ್ಮಡಿ.

ಈಗ ನಿಜವಾಗಿ ತಾಳ್ಮೆ ಕೇಳುವ ಸಮೀಕರಣಕ್ಕೆ ಬರೋಣ. ತಾಮ್ರವನ್ನು ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ನೈಟ್ರಿಕ್ ಆಮ್ಲದಲ್ಲಿ ಹಾಕಿದಾಗ:

ಸಿಯು + ಎಚ್‌ಎನ್‌ಒ₃ → ಸಿಯು(ಎನ್‌ಒ₃)₂ + ಎನ್‌ಒ + ಎಚ್₂ಒ

ಕಣ್ಣಂದಾಜಿನಲ್ಲಿ ಅಂಕಿ ಹಾಕುತ್ತಾ ಹೋದರೆ ಇದು ಹಾಳೆ ತುಂಬಿಸುತ್ತದೆ. ಕಾರಣ, ನೈಟ್ರೋಜನ್ ಎರಡು ದಾರಿ ಹಿಡಿದಿದೆ. ಒಂದಷ್ಟು ನೈಟ್ರೇಟ್ ಒಡೆಯದೆ ತಾಮ್ರದ ಜೊತೆ ಹೋಗಿದೆ, ಇನ್ನೊಂದಷ್ಟು ಒಡೆದು ಎನ್‌ಒ ಅನಿಲವಾಗಿದೆ. ಎಷ್ಟು ಇತ್ತ, ಎಷ್ಟು ಅತ್ತ ಎಂಬುದನ್ನು ಪರಮಾಣುಗಳನ್ನು ಎಣಿಸಿ ಮಾತ್ರ ಊಹಿಸುವುದು ಕಷ್ಟ. ಎರಡು ದಾರಿಗಳಿವೆ.

ಮೊದಲನೆಯದು ಬೀಜಗಣಿತ. ಐದು ವಸ್ತುಗಳ ಮುಂದೆ ಕ್ರಮವಾಗಿ ಅ, ಬ, ಕ, ಡ, ಇ ಎಂದು ಬರೆಯಿರಿ. ತಾಮ್ರದಿಂದ ಅ = ಕ. ಹೈಡ್ರೋಜನ್ನಿನಿಂದ ಬ = 2ಇ. ನೈಟ್ರೋಜನ್ನಿನಿಂದ ಬ = 2ಕ + ಡ. ಆಕ್ಸಿಜನ್ನಿನಿಂದ 3ಬ = 6ಕ + ಡ + ಇ. ಅಜ್ಞಾತಗಳು ಐದು, ಸಮೀಕರಣಗಳು ನಾಲ್ಕು. ನಮಗೆ ಬೇಕಾದದ್ದು ಅನುಪಾತ ಮಾತ್ರವಾದ್ದರಿಂದ ಒಂದನ್ನು ನಾವೇ ಗೊತ್ತುಮಾಡಬಹುದು. ಕ = 1 ಎಂದಿಟ್ಟುಕೊಳ್ಳಿ. ಆಗ ಡ = ಬ − 2, ಇ = ಬ/2. ಇವನ್ನು ಆಕ್ಸಿಜನ್ ಸಾಲಿನಲ್ಲಿ ಹಾಕಿದರೆ 3ಬ = 6 + ಬ − 2 + ಬ/2. ಅಂದರೆ 3ಬ/2 = 4, ಬ = 8/3. ಹಿಂದಕ್ಕೆ ಬಂದರೆ ಡ = 2/3, ಇ = 4/3. ಎಲ್ಲವನ್ನೂ 3ರಿಂದ ಗುಣಿಸಿದಾಗ 3, 8, 3, 2, 4:

3ಸಿಯು + 8ಎಚ್‌ಎನ್‌ಒ₃ → 3ಸಿಯು(ಎನ್‌ಒ₃)₂ + 2ಎನ್‌ಒ + 4ಎಚ್₂ಒ

ಛೇದಗಳು ಬೇರೆ ಬೇರೆ ಬಂದಾಗ ಅವುಗಳ ಲ.ಸಾ.ಅ.ದಿಂದ ಗುಣಿಸಬೇಕು, ಅಷ್ಟೇ ವ್ಯತ್ಯಾಸ. ಈ ದಾರಿ ಎಂದೂ ಕೈಬಿಡುವುದಿಲ್ಲ ಎನ್ನಲಾಗದಿದ್ದರೂ ಹೈಸ್ಕೂಲಿನಲ್ಲಿ ಬರುವ ಸಮೀಕರಣಗಳಿಗೆ ಸಾಕಾಗುತ್ತದೆ.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದರಲ್ಲಿ ಕ್ರಿಯೆ ಕಾಣುತ್ತದೆ. ಎಲೆಕ್ಟ್ರಾನ್‌ಗಳ ಕೊಡುಕೊಳ್ಳುವಿಕೆಯನ್ನು ನೋಡಿ. ತಾಮ್ರದ ಉತ್ಕರ್ಷಣ ಸಂಖ್ಯೆ (ಪರಮಾಣು ಎಷ್ಟು ಎಲೆಕ್ಟ್ರಾನ್ ಕೊಟ್ಟಿದೆ ಅಥವಾ ಪಡೆದಿದೆ ಎಂಬುದರ ಲೆಕ್ಕ) 0ಯಿಂದ +2ಕ್ಕೆ ಹೋಗುತ್ತದೆ, ಅದು 2 ಎಲೆಕ್ಟ್ರಾನ್ ಕೊಡುತ್ತದೆ. ಎನ್‌ಒ ಆಗುವ ನೈಟ್ರೋಜನ್ +5ರಿಂದ +2ಕ್ಕೆ ಇಳಿಯುತ್ತದೆ, 3 ಎಲೆಕ್ಟ್ರಾನ್ ಪಡೆಯುತ್ತದೆ. ಕೊಟ್ಟದ್ದೂ ಪಡೆದದ್ದೂ ಸಮವಾಗಬೇಕಾದರೆ 2 ಮತ್ತು 3ರ ಲ.ಸಾ.ಅ. 6 ಬರಬೇಕು. ಅಂದರೆ 3 ತಾಮ್ರಕ್ಕೆ 2 ಎನ್‌ಒ. ಮೂರು ತಾಮ್ರಕ್ಕೆ ಜೊತೆಯಾಗಿ 6 ನೈಟ್ರೇಟ್ ಬೇಕು, ಅನಿಲವಾದವು 2, ಒಟ್ಟು ಆಮ್ಲ 8. ಆ 8 ಹೈಡ್ರೋಜನ್ನಿನಿಂದ 4 ನೀರು. ಬೀಜಗಣಿತವಿಲ್ಲದೆ ಅದೇ ಉತ್ತರ ಬಂತು. ನೈಟ್ರಿಕ್ ಆಮ್ಲ ಇಲ್ಲಿ ಎರಡು ಕೆಲಸ ಮಾಡುತ್ತಿದೆ, ಎಂಟರಲ್ಲಿ ಆರು ಉಪ್ಪಿಗೆ, ಎರಡು ಉತ್ಕರ್ಷಣಕ್ಕೆ (ತಾಮ್ರದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದಕ್ಕೆ) ಎಂಬುದೂ ತಿಳಿಯಿತು.

ಆಮ್ಲ ಸಾರೀಕೃತವಾಗಿದ್ದರೆ (ನೀರು ಕಡಿಮೆಯಿದ್ದು ಗಾಢವಾಗಿದ್ದರೆ) ಬರುವ ಅನಿಲವೇ ಬೇರೆ, ಸಮೀಕರಣವೂ ಬೇರೆ:

ಸಿಯು + 4ಎಚ್‌ಎನ್‌ಒ₃ → ಸಿಯು(ಎನ್‌ಒ₃)₂ + 2ಎನ್‌ಒ₂ + 2ಎಚ್₂ಒ

ಎರಡೂ ಸರಿದೂಗಿವೆ, ಎರಡೂ ನಿಜ. ಯಾವ ಉತ್ಪನ್ನ ಬರುತ್ತದೆ ಎಂಬುದನ್ನು ಪ್ರಯೋಗ ಹೇಳಬೇಕು, ಸರಿದೂಗಿಸುವ ಲೆಕ್ಕ ಹೇಳಲಾರದು. ಅದಕ್ಕಾಗಿಯೇ ಉತ್ಪನ್ನವನ್ನು ಊಹಿಸಿ ಬರೆದು, ಲೆಕ್ಕ ತಾಳೆಯಾಯಿತು, ಹಾಗಾಗಿ ಊಹೆ ಸರಿ ಎಂದುಕೊಳ್ಳುವುದು ಅಪಾಯ.

ಪರಮಾಣು ತಾಳೆಯಾದರೂ ಸಾಲದು ಎಂಬುದಕ್ಕೆ ಇನ್ನೂ ಗಟ್ಟಿ ಉದಾಹರಣೆ ಪೊಟ್ಯಾಸಿಯಂ ಪರ್ಮಾಂಗನೇಟ್, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸಲ್ಫ್ಯೂರಿಕ್ ಆಮ್ಲದ ಕ್ರಿಯೆ. ಇದು ಹೈಸ್ಕೂಲಿನ ಮಟ್ಟಕ್ಕಿಂತ ಸ್ವಲ್ಪ ಮೇಲಿನದು, ಆದರೂ ಒಮ್ಮೆ ಎಣಿಸಿ ನೋಡಿ:

2ಕೆಎಂಎನ್‌ಒ₄ + 5ಎಚ್₂ಒ₂ + 3ಎಚ್₂ಎಸ್‌ಒ₄ → ಕೆ₂ಎಸ್‌ಒ₄ + 2ಎಂಎನ್‌ಎಸ್‌ಒ₄ + 8ಎಚ್₂ಒ + 5ಒ₂

2ಕೆಎಂಎನ್‌ಒ₄ + ಎಚ್₂ಒ₂ + 3ಎಚ್₂ಎಸ್‌ಒ₄ → ಕೆ₂ಎಸ್‌ಒ₄ + 2ಎಂಎನ್‌ಎಸ್‌ಒ₄ + 4ಎಚ್₂ಒ + 3ಒ₂

ಮೊದಲನೆಯದರಲ್ಲಿ ಆಕ್ಸಿಜನ್ ಎರಡೂ ಕಡೆ 30, ಎರಡನೆಯದರಲ್ಲಿ ಎರಡೂ ಕಡೆ 22. ಉಳಿದ ಧಾತುಗಳೂ ಎರಡರಲ್ಲೂ ತಾಳೆಯಾಗುತ್ತವೆ. ಸರಿಯಾದದ್ದು ಮೊದಲನೆಯದು ಮಾತ್ರ. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯುವಾಗ ಒಂದಕ್ಕೆ 5ರಂತೆ ಎರಡಕ್ಕೆ 10 ಎಲೆಕ್ಟ್ರಾನ್ ಪಡೆಯುತ್ತದೆ. ಒಂದು ಪೆರಾಕ್ಸೈಡ್ ಅಣು ಆಕ್ಸಿಜನ್ ಅನಿಲವಾಗುವಾಗ 2 ಕೊಡುತ್ತದೆ. ಹತ್ತು ಕೊಡಲು ಐದು ಪೆರಾಕ್ಸೈಡ್ ಬೇಕೇ ಬೇಕು. ಬೀಜಗಣಿತದ ದಾರಿಯೊಂದನ್ನೇ ನಂಬಿದವರಿಗೆ ಇಲ್ಲಿ ಒಂದಕ್ಕಿಂತ ಹೆಚ್ಚು ಉತ್ತರ ಸಿಗುತ್ತದೆ, ಎಲೆಕ್ಟ್ರಾನ್ ಲೆಕ್ಕ ಅವುಗಳಲ್ಲಿ ಸರಿಯಾದುದನ್ನು ಆರಿಸಿಕೊಡುತ್ತದೆ.

ಇದೇ ಮಾತು ಅಯಾನುಗಳಿಗೂ, ಅಂದರೆ ವಿದ್ಯುತ್ ಆವೇಶ ಹೊತ್ತ ಪರಮಾಣು ಅಥವಾ ಗುಂಪುಗಳಿಗೂ. ಅಲ್ಯೂಮಿನಿಯಂ ತುಂಡನ್ನು ತಾಮ್ರದ ಲವಣದ ದ್ರಾವಣಕ್ಕೆ ಹಾಕಿದಾಗ ನಡೆಯುವುದನ್ನು ಅಯಾನುಗಳಲ್ಲಿ ಬರೆದರೆ, ಅಲ್ಯೂಮಿನಿಯಂ ಒಂದು ಇತ್ತ ಒಂದು ಅತ್ತ, ತಾಮ್ರವೂ ಹಾಗೆಯೇ. ಸಹಗುಣಕವೇ ಬೇಡ ಅನಿಸುತ್ತದೆ. ಆದರೆ ಎಡಕ್ಕೆ ಆವೇಶ 2+, ಬಲಕ್ಕೆ 3+. ಆವೇಶವೂ ಉಳಿಯಬೇಕಾದ ಸರಕು, ಅದಕ್ಕೂ ಪಟ್ಟಿಯಲ್ಲಿ ಒಂದು ಸಾಲು ಇರಲಿ:

2ಎಎಲ್ + 3ಸಿಯು²⁺ → 2ಎಎಲ್³⁺ + 3ಸಿಯು

ಎರಡೂ ಕಡೆ ಆವೇಶ 6+.

ಉತ್ತರ ಬಂದ ಮೇಲೆ ಸಹಗುಣಕಗಳಿಗೆಲ್ಲ ಸಾಮಾನ್ಯ ಅಪವರ್ತನ ಇದೆಯೇ ನೋಡಿ. 4, 2, 4 ಬಂದಿದ್ದರೆ 2, 1, 2 ಮಾಡಬೇಕು. ಭಾಗಿಸುವುದಾದರೆ ಎಲ್ಲವೂ ಭಾಗವಾಗಬೇಕು. ಮೂರರಲ್ಲಿ ಎರಡು ಭಾಗವಾಗುತ್ತವೆ ಎಂದು ಆ ಎರಡನ್ನು ಮಾತ್ರ ಚಿಕ್ಕದು ಮಾಡಿದರೆ ಅಷ್ಟು ಹೊತ್ತಿನ ಕೆಲಸ ಹಾಳು. ಘನ, ದ್ರವ, ಅನಿಲ, ಜಲೀಯ ಎಂಬ ಸ್ಥಿತಿಯ ಗುರುತುಗಳನ್ನು ಕೊನೆಗೆ ಬರೆಯಿರಿ. ನಡುವೆಯೇ ಬರೆದರೆ ಎಣಿಸುವ ಕಣ್ಣಿಗೆ ಅಡ್ಡ ಬರುತ್ತವೆ.

ಸಮಯವಿದ್ದರೆ ಪರಮಾಣು ರಾಶಿಗಳನ್ನು ಹಿಡಿದು ಎರಡೂ ಕಡೆಯ ರಾಶಿಯನ್ನೂ ಕೂಡಿಸಿ ನೋಡುವುದು ನನ್ನ ಸಲಹೆ. ತಾಮ್ರದ ಸಮೀಕರಣದಲ್ಲಿ ಎಡಕ್ಕೆ 3 × 63.5 ಮತ್ತು 8 × 63, ಅಂದರೆ 190.5 + 504 = 694.5. ಬಲಕ್ಕೆ 3 × 187.5, 2 × 30, 4 × 18, ಅಂದರೆ 562.5 + 60 + 72 = 694.5. ಪರಮಾಣು ಎಣಿಸುವಾಗ ಒಂದು ಸಾಲನ್ನೇ ಬಿಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಅಭ್ಯಾಸಕ್ಕೆ ಇಪ್ಪತ್ತು ಸುಲಭದವನ್ನು ಮಾಡುವುದಕ್ಕಿಂತ, ಒಂದೊಂದು ಬಗೆಯ ತೊಡಕಿರುವ ಕೆಲವನ್ನು ಪೂರ್ತಿ ಪಟ್ಟಿ ಹಾಕಿ ಮಾಡಿ. ಗ್ಲೂಕೋಸ್ ಉರಿಯುವುದು: ಸಿ₆ಎಚ್₁₂ಒ₆ ಒಳಗೇ 6 ಆಕ್ಸಿಜನ್ ಇದೆ ಎಂಬುದನ್ನು ಮರೆತರೆ ಒ₂ ಮುಂದೆ 9 ಬರುತ್ತದೆ, ಬರಬೇಕಾದದ್ದು 6. ಅಮೋನಿಯ ಮತ್ತು ಆಕ್ಸಿಜನ್ ಸೇರಿ ಎನ್‌ಒ ಮತ್ತು ನೀರು: ಇಲ್ಲಿ ಹೈಡ್ರೋಜನ್ 3 ಮತ್ತು 2, ಆಕ್ಸಿಜನ್ ಬೆಸ, ಎರಡೂ ತೊಡಕು ಒಟ್ಟಿಗೆ ಬರುತ್ತವೆ, ಉತ್ತರ 4, 5, 4, 6. ರಂಜಕದ ಆಕ್ಸೈಡ್ ಪಿ₄ಒ₁₀ ನೀರಿನ ಜೊತೆ ಸೇರಿ ಫಾಸ್ಫಾರಿಕ್ ಆಮ್ಲವಾಗುವುದು: ರಂಜಕ ಹಿಡಿದರೆ ಎರಡೇ ಹೆಜ್ಜೆ, ಉತ್ತರ 1, 6, 4.

ಕೊನೆಯದಾಗಿ ಕಬ್ಬಿಣದ ಪೈರೈಟ್, ಎಫ್‌ಇಎಸ್₂, ಗಾಳಿಯಲ್ಲಿ ಹುರಿದು ಎಫ್‌ಇ₂ಒ₃ ಮತ್ತು ಎಸ್‌ಒ₂ ಆಗುವುದು. ಕಬ್ಬಿಣಕ್ಕಾಗಿ ಪೈರೈಟ್ ಮುಂದೆ 2. ಗಂಧಕ 4 ಆಯಿತು, ಎಸ್‌ಒ₂ ಮುಂದೆ 4. ಬಲಗಡೆ ಆಕ್ಸಿಜನ್ 3 ಮತ್ತು 8, ಒಟ್ಟು 11, ಬೆಸ. ಒ₂ ಮುಂದೆ 11/2 ಬರೆದು ಇಡೀ ಸಾಲನ್ನು ಇಮ್ಮಡಿ ಮಾಡಿ. ಕಾಣದ 1 ಈ ಸಲ ಎಫ್‌ಇ₂ಒ₃ ಮುಂದಿದೆ, ಅದನ್ನು ಬಿಡಬೇಡಿ:

4ಎಫ್‌ಇಎಸ್₂ + 11ಒ₂ → 2ಎಫ್‌ಇ₂ಒ₃ + 8ಎಸ್‌ಒ₂

ಕಬ್ಬಿಣ 4, ಗಂಧಕ 8, ಆಕ್ಸಿಜನ್ 22. ರಾಶಿ ಎಡಕ್ಕೆ 480 + 352, ಬಲಕ್ಕೆ 320 + 512, ಎರಡೂ 832.